ಹಲ್ಲಿಯ ಸಾಕ್ಷಿ

ಭಾನುವಾರ ಬೆಳಿಗ್ಗೆ ಮಹಾರಾಷ್ಟ್ರದ ಸಂಭಾಜಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಏಳನೆಯ, ಎಂಟನೆಯ ಇಯತ್ತೆಯ ಮಕ್ಕಳು ಸೇರುತ್ತಾರೆ. ಊರಾಚೆಯ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬೀದರ್, ಕಲಬುರಗಿ ಕಡೆಯವರ ಮಕ್ಕಳು. ನಾನು ಕಲಿಸುವುದು ವಾದ ಮಾಡುವುದನ್ನು. ಜಗಳವನ್ನಲ್ಲ, ಅದು ಅವರಿಗೆ ಮೊದಲೇ ಬರುತ್ತದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವೆನ್ನಬಾರದು, ಇಂಥ ಪಾಠ.

ಅವರಲ್ಲೊಬ್ಬಳು ನಾಶಿಕದ ಚರ್ಚಾಸ್ಪರ್ಧೆಗೆ ಶಾಲೆಯಿಂದ ಆಯ್ಕೆಯಾದಳು. ಒಂದು ರಾತ್ರಿ ಅಲ್ಲೇ ಉಳಿಯಬೇಕು. ಅಪ್ಪ, ಅಮ್ಮ ಒಪ್ಪಿದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು, ಅವರು ಬೇಡವೆಂದರು. ಅವರನ್ನು ಒಪ್ಪಿಸಲೆಂದು ಹುಡುಗಿ ನನ್ನನ್ನು ಮನೆಗೆ ಎಳೆದುಕೊಂಡೇ ಹೋದಳು.

ಅಜ್ಜಿ ಚಹಾ ಕೊಟ್ಟು ಎದುರಿಗೆ ಕೂತರು. "ಅಕ್ಕೋರ, ಹೋದ್ ವರ್ಷ ಈಕಿ ಅಕ್ಕ ನಾಶಿಕಕ್ಕ ಹೋಗಿ ಬಂದ್ಲು. ಮರುದಿನಾನೇ ಜ್ವರ! ಆ ಊರು ನಮಗ ಒಗ್ಗಂಗಿಲ್ರಿ."

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

"ಖರೇ, ಖರೇ!" ಅಜ್ಜಿ ಬೆರಳಿನಿಂದ ನೆಲ ತಟ್ಟಿದರು. "ನೋಡ್ರಿ, ಹಲ್ಲೀನೂ ನುಡೀತು."

ಪಾಠವೆಲ್ಲ ಎಲ್ಲಿ ಹೋಯಿತೋ, ನನ್ನ ಬೆರಳೂ ತಾನಾಗಿ ಚಾಪೆ ತಟ್ಟಿಬಿಟ್ಟಿತ್ತು. ಚಿಕ್ಕಂದಿನ ರೂಢಿ!

"ಅಕ್ಕೋರ, ನೀವೂ ಏನ್ರೀ?" ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಇನ್ನು ಇವರನ್ನು ನಂಬಿ ಪ್ರಯೋಜನವಿಲ್ಲವೆಂದು ತಾನೇ ಶುರುಮಾಡಿದಳು. 'ಆದರೆ' ಎನ್ನಲು ಮರಾಠಿಯ 'ಪಣ' ಸೇರದೆ ಅವಳ ಕನ್ನಡ ಮುಂದೆ ಸಾಗದು.

"ಪಣ ಅಜ್ಜಿ, ಆವಾಗ ತಮ್ಮಗೂ ಜ್ವರ ಬಂದಿತ್ತಲ್ಲ? ಅಂವಾ ಎಲ್ಲಿಗೆ ಹೋಗಿದ್ದ?"

"ಅಂವಾ ಎಲ್ಲಿ ಹೋಗ್ತಾನ? ಗಲ್ಲಿಯಾಗ ಅರ್ಧ ಮಂದಿ ಮಲಗಿತ್ತು."

"ಅವರೆಲ್ಲಾ ನಾಶಿಕಕ್ಕ ಹೋಗಿದ್ರೇನು?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗು ಕಾಣದಿರಲೆಂದು. ಗೆದ್ದ ಹುರುಪಿನಲ್ಲಿ ಹುಡುಗಿ ಸುಮ್ಮನಿರಬೇಕಲ್ಲ!

"ಮತ್ತ ಎಲ್ಲಾರಿಗೂ ಮನ್ಯಾಗ ಹೂಂ ಅಂದಾರ, ನನಗಷ್ಟ ಇಲ್ಲ!"

"ಎಲ್ಲಾರೂ ಅಂದ್ರ ಎಷ್ಟ ಮಂದಿ?"

"...ಇಬ್ಬರು."

"ಒಟ್ಟ ಹೋಗೋರು?"

"ಮೂರು ಮಂದಿ. ನನ್ನ ಹಿಡದು."

"ಇಬ್ಬರಿಗೆ ಎಲ್ಲಾರೂ ಅಂತಾಳ್ರೀ ನಿಮ್ಮ ಶಾಣ್ಯಾಕಿ!" ಅಜ್ಜಿ ನನ್ನ ತೊಡೆಗೆ ಹೊಡೆದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಜ್ವರದ ಮಾತು ಬಿಡವ್ವ. ರಾತ್ರಿ ನಿನ್ನ ಹತ್ರ ಯಾರು ಮಲಗ್ತಾರ? ಅದನ್ನ ಹೇಳು."

ಅದನ್ನು ಹುಡುಗಿ ಶಾಲೆಯಲ್ಲಿ ವಿಚಾರಿಸಿಯೇ ಇರಲಿಲ್ಲ. ವಾದ ಹೂಡಲಿಲ್ಲ, ಅಪ್ಪನ ಫೋನಿನಿಂದ ಜೊತೆಗೆ ಹೋಗುವ ಶಿಕ್ಷಕಿಗೆ ಕರೆ ಮಾಡಿದಳು. ತಾವೇ ಮೂವರ ಜೊತೆ ಒಂದೇ ಕೋಣೆಯಲ್ಲಿ ಇರುವುದಾಗಿ ಅವರು ಹೇಳಿದರು. ಅಜ್ಜಿ ಫೋನು ಕಸಿದುಕೊಂಡು, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂದು ತಮ್ಮ ಮರಾಠಿಯಲ್ಲಿ ವಿಚಾರಿಸಿದರು. ಇದೆಯಂತೆ.

"ಸ್ವೆಟರ್ ತಗೊಂಡು ಹೋಗು. ಅಲ್ಲಿ ಭಾಳ ಥಂಡಿ."

ಅಜ್ಜಿ ಒಮ್ಮೆಯೂ ನಾಶಿಕ ನೋಡಿದವರಲ್ಲ. ಹುಡುಗಿ ಕೇಳಲೆಂದು ಬಾಯಿ ತೆರೆದಳು. ನಾನು ಕಣ್ಣಲ್ಲೇ ಗದರಿದೆ. ಅವಳು ಬಾಯಿ ಮುಚ್ಚಿ, ಸ್ವೆಟರ್ ಹುಡುಕಲು ಒಳಗೆ ಓಡಿದಳು.