ಕಾರಿನ ಬಾಗಿಲ ಮೇಲೆ ನನ್ನ ಅಂಗೈ

ಕೇಳ್ರಪ್ಪ, ಇವತ್ತು ಕೋಟಿ ರೂಪಾಯಿ ಕಾರೊಂದನ್ನು ಹಾಳು ಮಾಡಿಬಿಟ್ಟೆ ಅಂದುಕೊಂಡೆ. ಡೈರಿಗೆ ಹಾಲು ಹಾಕಿ ಪಕ್ಕದ ಮನೆ ಮುನಿಯಮ್ಮಕ್ಕನ ಜೊತೆ ಬರುವಾಗ, ಚಾಂಪಿಯನ್ ರೀಫ್ಸ್ ಹಳೇ ಚಿನ್ನದ ಗಣಿ ಹತ್ತಿರ ಮರದ ನೆರಳಲ್ಲಿ ಸ್ಪೋರ್ಟ್ಸ್ ಕಾರು ನಿಂತಿತ್ತು. ಇಬ್ಬರು ಇಂಜಿನಿಯರುಗಳು ಅದಕ್ಕೆ ಬಿಸಿ ಎಲ್ಲೆಲ್ಲಿ ಏರುತ್ತೆ ಅಂತ ಕ್ಯಾಮೆರಾದಲ್ಲಿ ನೋಡುತ್ತಿದ್ದರು. ಅದರ ಪರದೆಯಲ್ಲಿ ತಣ್ಣಗಿರುವುದು ನೀಲಿ, ಬಿಸಿಯಿರುವುದು ಕೆಂಪು ಅಂತ ಆಮೇಲೆ ಗೊತ್ತಾಯಿತು. ಇಂಜಿನ್ ಹಿಂದಿದೆಯಂತೆ, ಹಿಂಭಾಗವೆಲ್ಲ ಕೆಂಡದಂತಿತ್ತು. ಬಾಗಿಲು ಮಾತ್ರ ನೀಲಿ.

ಬಗ್ಗಿ ನೋಡಲು ಹೋಗಿ ಬಾಗಿಲಿಗೆ ಕೈ ಊರಿದೆ. ತೆಗೆದರೆ, ಪರದೆಯಲ್ಲಿ ಐದು ಬೆರಳೂ ಕೆಂಪಗೆ ಅಚ್ಚು ಬಿದ್ದಿವೆ! ಮೂರು ಹಸು ಮಾರಿದರೂ ಇದರ ಬಣ್ಣಕ್ಕೆ ಸಾಲದು ಅಂತ ಗಾಬರಿಯಲ್ಲಿ ಸೆರಗಿನಿಂದ ಉಜ್ಜಿದೆ. ಕೆಂಪು ಇನ್ನೂ ಅಗಲವಾಯಿತು.

"ಅಕ್ಕಾ, ಓಗ್ತಾನೇ ಇಲ್ಲ ಕಣಕ್ಕಾ!"

"ಜೋರಾಗ್ ಉಜ್ಜೇ, ಅನ್ನ ತಿಂದಿಲ್ವಾ?" ಅಂತ ಮುನಿಯಮ್ಮಕ್ಕ ತಾನೂ ಉಜ್ಜತೊಡಗಿದಳು. ಅರ್ಧ ಬಾಗಿಲೇ ಕೆಂಪಾಯಿತು.

ಒಬ್ಬ ಇಂಜಿನಿಯರು ಓಡಿಬಂದ. "ಅಮ್ಮಾ, ಉಜ್ಜಿದಷ್ಟೂ ಬಿಸಿ ಆಗುತ್ತೆ! ಅದು ನಿಮ್ಮ ಕೈಯ ಬಿಸಿ ಅಷ್ಟೆ. ಬಿಟ್ಟರೆ ತಾನೇ ಆರುತ್ತೆ."

ನನಗೆ ನಂಬಿಕೆ ಬರಲಿಲ್ಲ. ಕೊನೆಯ ಕೆಂಪು ಚುಕ್ಕೆ ಮಾಯವಾಗುವ ತನಕ ಅಲ್ಲೇ ನಿಂತೆ. ಪೂರ್ತಿ ನೀಲಿಯಾದ ಮೇಲೆ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬಿಸಿಯೇರುವ ಜಾಗ ಅಂತ ಅವರು ಇಂಜಿನ್, ಬ್ರೇಕು, ಟೈರು ಬರೆದುಕೊಂಡಿದ್ದರು. ನಾವು ಹೊರಡುವಾಗ ಕೆಳಗೆ ಇನ್ನೊಂದು ಸೇರಿತು: "ಎಡ ಬಾಗಿಲು. ಹಾಲಿನಕ್ಕಂದಿರು ಇರುವ ಊರಲ್ಲಿ ಮಾತ್ರ."