ಓಬಳೇಶ ಎತ್ತದೆ ಬಿಟ್ಟದ್ದು

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ ನಾನು ಹೊಳಲ್ಕೆರೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಜೊತೆಗೆ ಗ್ರೀಕೋ-ರೋಮನ್ ಕುಸ್ತಿಪಟು. ಈ ಕುಸ್ತಿಯಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲನ್ನೂ ಬಳಸುವಂತಿಲ್ಲ. ಎದೆಗೆ ಎದೆ ಕೊಟ್ಟು, ಎದುರಾಳಿಯನ್ನು ಅವುಚಿ ಎತ್ತಿ ಒಗೆಯಬೇಕು.

ಆ ವರ್ಷ ರಾಜ್ಯ ತಂಡದ ಆಯ್ಕೆ ಚಿತ್ರದುರ್ಗದಲ್ಲೇ ನಡೆಯಿತು. ಫೈನಲ್‌ನಲ್ಲಿ ನನಗೆ ಎದುರಾದವನು ಹಿರಿಯೂರಿನ ಓಬಳೇಶ, ಲೇತ್ ಕೆಲಸದವನು. ಭಾನುವಾರಗಳಲ್ಲಿ ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ ಒಟ್ಟಿಗೆ ಓಡಿದವರು ನಾವು. ಇಬ್ಬರಿಗೂ ಮೂವತ್ತು ದಾಟಿತ್ತು. ಗೆದ್ದ ಒಬ್ಬನಿಗಷ್ಟೇ ತಂಡದಲ್ಲಿ ಜಾಗ; ಮುಂದಿನ ಆಯ್ಕೆಯ ತನಕ ಇಬ್ಬರ ಮೈಯೂ ಕಾಯುವಂತಿರಲಿಲ್ಲ.

ಸೆಮಿಫೈನಲ್‌ನಲ್ಲಿ ನಾನು ಕುತ್ತಿಗೆ ಮಡಚಿಕೊಂಡು ಬಿದ್ದಿದ್ದೆ. ನೋವಾಗಲಿಲ್ಲ. ಎಡಗೈ ಮಾತ್ರ ಜೋಮು ಹಿಡಿದಂತಿತ್ತು. ನಲ್ಲಿ ಕೆಳಗೆ ಹಿಡಿದರೆ ನೀರು ತಣ್ಣಗಿದೆಯೋ ಬಿಸಿಯೋ ತಿಳಿಯಲಿಲ್ಲ.

ಫೈನಲ್‌ನ ಮೊದಲ ಹಿಡಿತದಲ್ಲೇ ಓಬಳೇಶ ನನ್ನ ಸೊಂಟ ಅವುಚಿದ. ನನ್ನ ಪಾದ ನೆಲ ಬಿಟ್ಟಿತು. ಒಗೆಯುವ ಬದಲು ಮೆಲ್ಲಗೆ ಇಳಿಸಿ, ಕಿವಿಯ ಹತ್ತಿರ ಕೇಳಿದ:

"ಲೇ ನಾಗೇಶ, ನಿನ್ನ ಎಡಗೈಯಾಗೆ ಬಿಗಿನೇ ಇಲ್ಲ. ಏನಾಗೈತೆ?"

"ನೋವಿಲ್ಲ. ಹಿಡಿ," ಅಂದೆ.

ಅವನು ರೆಫರಿಗೂ ಹೇಳಿದ. ರೆಫರಿ ಆಟ ನಿಲ್ಲಿಸಿ ಕೇಳಿದಾಗಲೂ ನಾನು ಅದನ್ನೇ ಹೇಳಿದೆ.

ಆಮೇಲೆ ಓಬಳೇಶ ನನ್ನನ್ನು ಎತ್ತಲೇ ಇಲ್ಲ. ಸುಮ್ಮನೆ ತೋಳು ಹಿಡಿದು ತಳ್ಳಾಡುತ್ತಿದ್ದ. ಹಾಗೆ ಕಾಲ ಕಳೆಯುವುದನ್ನು ಪ್ಯಾಸಿವಿಟಿ ಎಂದು ಕರೆದು ಎದುರಾಳಿಗೆ ಅಂಕ ಕೊಡುತ್ತಾರೆ. ಅವನ ಕೋಚ್ ಬದಿಯಿಂದ ಬೈಯುತ್ತಲೇ ಇದ್ದರು. ಆ ಅಂಕಗಳಿಂದಲೇ ನಾನು ಗೆದ್ದೆ. ರೆಫರಿ ನನ್ನ ಎಡಗೈ ಮೇಲೆತ್ತಿದ್ದನ್ನು ನಾನು ನೋಡಿಯೇ ತಿಳಿಯಬೇಕಾಯಿತು.

ಓಬಳೇಶ ನೇರ ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ನೋಡಿದ ವೈದ್ಯರು, ಕುತ್ತಿಗೆಯ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುತ್ತಿದೆ, ಇನ್ನೊಂದು ಸಲ ಹಾಗೆ ಬಿದ್ದಿದ್ದರೆ ಕೈಕಾಲು ನಾಲ್ಕೂ ಹೋಗಬಹುದಿತ್ತು ಎಂದರು. ನನಗೆ ಭಯವೂ ಆಗಲಿಲ್ಲ, ಅಳುವೂ ಬರಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದೆ. ಹೊರಗೆ ಹೋಗಿ ಬಂದ ಓಬಳೇಶನ ಕಣ್ಣುಗಳು ಕೆಂಪಾಗಿದ್ದವು.

ರಾಜ್ಯ ತಂಡದಲ್ಲಿ ನನ್ನ ಬದಲು ಎರಡನೆಯವನಾದ ಅವನೇ ಹೋಗಬೇಕಿತ್ತು. ಬೇಕೆಂದೇ ಆಡದವನು ಎಂದು ಆಯ್ಕೆದಾರರು ಮೂರನೆಯವನನ್ನು ಕಳಿಸಿದರು. ನಾನು ಹೋಗಿ ನಡೆದದ್ದನ್ನೆಲ್ಲ ವಿವರಿಸಿದೆ. ಯಾರೂ ತೀರ್ಮಾನ ಬದಲಿಸಲಿಲ್ಲ. ಓಬಳೇಶನಿಗೆ ತಿಳಿಸಿದಾಗ, "ಹೋಗ್ಲಿ ಬಿಡು. ಉಂಡ್ಯಾ? ಬಾ, ಊಟ ಮಾಡಾಣ," ಅಂದ.

ಶಸ್ತ್ರಚಿಕಿತ್ಸೆಯ ನಂತರ ಸ್ಪರ್ಧೆಯಿಂದ ನಿವೃತ್ತನಾದೆ. ಈಗ ಶಾಲೆಯಲ್ಲಿ ಕುಸ್ತಿ ಕಲಿಸುತ್ತೇನೆ. ನೋವಾಯಿತೆಂದು ಅಳುವ ಹುಡುಗರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಬಿದ್ದವನು ಎದ್ದು, ಏನೂ ಆಗಿಲ್ಲ ಸಾರ್ ಅಂದರೆ ಮಾತ್ರ ಆಟ ನಿಲ್ಲಿಸುತ್ತೇನೆ. ಅವನನ್ನು ಪಕ್ಕಕ್ಕೆ ಕೂರಿಸಿ, ಅವನನ್ನು ಹಿಡಿದಿದ್ದವನನ್ನು, ಇವನ ಕೈಯಲ್ಲಿ ಬಿಗಿ ಇತ್ತಾ ಎಂದು ಕೇಳುತ್ತೇನೆ.