ಕಬ್ಬಿಣಕ್ಕೆ ಕುಸುಬಿ ಎಣ್ಣೆ

ಆಗೆಲ್ಲ ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ಮನಗೂಳಿಯ ನಮ್ಮ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಮುಂದಿನ ಪಡಸಾಲೆಯೇ ಅಪ್ಪನ ವೆಲ್ಡಿಂಗ್ ಅಂಗಡಿ, ಹಿಂದಿನದು ಅವ್ವನ ಅಡುಗೆಮನೆ, ನಡುವೆ ಒಂದೇ ಬಾಗಿಲು. ಸುಟ್ಟ ಕಬ್ಬಿಣದ ವಾಸನೆ ಒಳಗೆ ಬರುತ್ತಿತ್ತು, ಒಗ್ಗರಣೆಯ ವಾಸನೆ ಹೊರಗೆ ಹೋಗುತ್ತಿತ್ತು. ನಿಮಗೆ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತೇನೋ, ನಾನು ಏಳುತ್ತಿದ್ದುದು ಡ್ರಿಲ್ ಮಷೀನಿನ ಕಿರುಚಾಟಕ್ಕೆ.

ನನಗಾಗ ಹತ್ತು ವರ್ಷ. ಒಬ್ಬಳೇ ಮಗಳು, ಸಾಲದ್ದಕ್ಕೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತು. ಸೊಕ್ಕಿಗೆ ಇನ್ನೇನು ಬೇಕು? ಕಬ್ಬಿಣಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ ತರಲು ಪೇಟೆಗೆ ಹೋಗುವಾಗ ಅಪ್ಪ ನನ್ನನ್ನೂ ಕರೆದೊಯ್ಯುತ್ತಿದ್ದ. ಅವನು ಬಿಟ್ ಆರಿಸುವುದನ್ನು ನೋಡಬೇಕಿತ್ತು. ಮೊದಲು ಅಂಗಡಿಯ ಗಾಜಿನ ಮೇಲೆ ಉರುಳಿಸಿ, ಡೊಂಕಿದೆಯೇ ಎಂದು ಬಗ್ಗಿ ನೋಡುವುದು. ಆಮೇಲೆ ಬಿಸಿಲಿಗೆ ಹಿಡಿದು, ತುದಿಯ ಎರಡೂ ಅಂಚು ಸಮ ಇವೆಯೇ ಎಂದು ಒಂದು ಕಣ್ಣು ಮುಚ್ಚಿ ಅಳೆಯುವುದು. ಕೊನೆಗೆ ಬುಡದಲ್ಲಿ ಕೊರೆದ ಅಕ್ಷರ ಹುಡುಕುವುದು. “ಏಣಿ ಒಂದು, ಹಾವು ಎರಡು ಇರಬೇಕು ನೋಡವ್ವಾ,” ಎನ್ನುತ್ತಿದ್ದ. ಗಟ್ಟಿ ಉಕ್ಕಿನ ಗುರುತಾದ ಎಚ್.ಎಸ್.ಎಸ್. ಎಂಬ ಇಂಗ್ಲಿಷ್ ಅಕ್ಷರಗಳನ್ನು ಅವನು ಓದುತ್ತಿದ್ದುದೇ ಹಾಗೆ.

“ಏ ಉಸ್ತಾದ್, ಬಿಟ್ ತಗೊಳ್ಳಾಕ ಬಂದೀಯೋ, ಹೆಣ್ಣು ನೋಡಾಕ ಬಂದೀಯೋ?” ಎಂದು ಅಂಗಡಿಯ ಸಾವಕಾರ ಗೊಣಗುತ್ತಿದ್ದ.

ಆ ಸಲ ಸಾವಕಾರ ಹೊಸ ಡಬ್ಬಿ ಬಿಚ್ಚಿದ. ಒಳಗೆ ಬಂಗಾರದ ಬಣ್ಣದ ಬಿಟ್‌ಗಳು ಫಳಫಳ ಹೊಳೆಯುತ್ತಿದ್ದವು. ಅಪ್ಪ ತಾನು ಆರಿಸಿದ್ದ ಕರಿಯ ಬಿಟ್‌ಗಳನ್ನು ಬದಿಗಿಟ್ಟು, ಇವನ್ನು ತಿರುಗಿಸಿ ನೋಡಿ ಮೂಗು ಮುರಿದ. “ಮ್ಯಾಲ ಬಣ್ಣ ಅಷ್ಟಽ ಐತಿ. ಏಣಿ ಇಲ್ಲ, ಹಾವೂ ಇಲ್ಲ.”

“ಅಪ್ಪಾ, ಬಂಗಾರದಂಗ ಅದಾವಲ್ಲೋ! ಇವನ್ನಽ ತಗೋ. ಆ ಕರೇವು ಸುಟ್ಟ ಬದನಿಕಾಯಿಯಂಗ ಕಾಣ್ತಾವು!”

ಕಾಲು ಬಡಿದೆ. ಬೇಕಾದಾಗ ಬರಿಸಿಕೊಳ್ಳುವ ಕಣ್ಣೀರನ್ನೂ ಬರಿಸಿಕೊಂಡೆ. ದಿನವೂ ಕಬ್ಬಿಣ ಬಗ್ಗಿಸುವ ಅಪ್ಪ ನನ್ನ ಮುಂದೆ ತಾನೇ ಬಗ್ಗಿದ. ಬಂಗಾರದವು ಎರಡು, ಕರಿಯದು ಒಂದು ಕೊಂಡು ಮನೆಗೆ ಬಂದೆವು.

ಮರುದಿನ ಮಂಗಳವಾರ, ಸಾವಕಾರನ ಅಂಗಡಿಗೆ ರಜೆ. ಮಧ್ಯಾಹ್ನ ಗೊಳಸಂಗಿಯ ಶಿವಲಿಂಗಪ್ಪ ಕಾಕಾ ತಾನು ಮಾಡಲು ಹೇಳಿದ್ದ ಕೂರಿಗೆ ಒಯ್ಯಲು ಟೆಂಪೊ ಸಮೇತ ಬಂದಿಳಿದ. “ಉಸ್ತಾದ್, ಹೊಲಾ ಹದಕ್ಕ ಬಂದೈತಿ. ನಾಳೆ ನಸಕಿನ್ಯಾಗ ಬಿತ್ತಲಿಲ್ಲಂದ್ರ ಹಸಿ ಆರಿ ಹೋಗ್ತೈತಿ. ಕೂರಿಗಿ ತಗೊಂಡಽ ಹೋಗಾಂವ ನಾ.” ಕೂರಿಗೆಯ ಕೆಲಸ ಮುಗಿದಿತ್ತು. ಕಾಳನ್ನು ಮಣ್ಣಿಗಿಳಿಸುವ ತಾಳುಗಳನ್ನು ಬಿಗಿಯಲು ದಪ್ಪ ಪಟ್ಟಿಗೆ ಎಂಟು ತೂತು ಹೊಡೆಯುವುದಷ್ಟೇ ಬಾಕಿ.

ಅಪ್ಪ ಮೊದಲ ಬಂಗಾರದ ಬಿಟ್ ಹಾಕಿದ. ಅದು ಚೀಂವ್ ಎಂದು ಕಿರುಚಿ, ತುದಿ ನೀಲಿಯಾಗಿ, ಪಟ್ಟಿಯ ಮೇಲೆ ಸುಮ್ಮನೆ ಗಿರಗಿರ ತಿರುಗಿತು. “ಸತ್ತತು,” ಎಂದ ಅಪ್ಪ. ಎರಡನೆಯದು ಅರ್ಧ ತೂತಿಗೆ ಟಕ್ ಎಂದು ಮುರಿಯಿತು. ಕಾಕಾ ನನ್ನ ಕಡೆ ನೋಡಿ, “ಬಂಗಾರ ಮೂಗಿನ್ಯಾಗ ಚಂದ ತಂಗಿ, ಮಷೀನ್ಯಾಗ ಅಲ್ಲ,” ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಉಳಿದದ್ದು ಕರಿಯದೊಂದೇ. ಅದೂ ಹೋದರೆ ಕಾಕಾನ ಬಿತ್ತನೆ ಹೋದಂತೆಯೇ. ಕೊರೆಯುವಾಗ ಬಿಟ್ ಕಾಯದಂತೆ ಹಾಕುವ ಎಣ್ಣೆಯ ಡಬ್ಬಿ ಬೋರಲು ಹಾಕಿದರೂ ಹನಿ ಬೀಳಲಿಲ್ಲ. “ಯವ್ವಾ, ಒಳಗ ಹೋಗಿ ಕುಸುಬಿ ಎಣ್ಣಿ ಇಸ್ಕೊಂಡ ಬಾ,” ಎಂದ ಅಪ್ಪ.

ಅವ್ವ ಎಣ್ಣೆಯ ಗಿಂಡಿಯನ್ನು ಎದೆಗೆ ಅವಚಿಕೊಂಡಳು. “ಕಬ್ಬಣಕ್ಕ ಒಗ್ಗರಣಿ ಹಾಕ್ತಾನೇನು ನಿಮ್ಮಪ್ಪ? ವಾರದ ಎಣ್ಣಿ ಇದು!”

“ಕೊಡ ಬೇ. ಬಂಗಾರದ್ದು ತಗೋ ಅಂದಾಕಿ ನಾನಽ. ಕಾಕಾನ ಹೊಲಾ ಆರಾಕತ್ತೈತಿ,” ಎಂದು ಅತ್ತೆ. ಈ ಸಲದ ಅಳು ಖರೇದು.

ಅವ್ವ ಗಿಂಡಿ ಕೊಡಲಿಲ್ಲ. ಚಮಚ ಹಿಡಿದು ತಾನೇ ಹೊರಗೆ ಬಂದು ಮಷೀನಿನ ಪಕ್ಕ ಕುಳಿತಳು. “ಕೈ ತಗೀರಿ. ನಿಮ್ಮ ಕೈಯಾಗ ಕೊಟ್ರ ಗಿಂಡಿನಽ ಬರಿದು.” ಹನಿಹನಿಯಾಗಿ ಎಣ್ಣೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು.

“ಎಣ್ಣಿ ಹೊಗಿ ಬಂತು, ತಗೀರಿ!”

“ಇನ್ನೊಂಚೂರು…”

“ತಗೀರಿ ಅಂದ್ನೆಲ್ಲ! ಹೊಗಿ ಬಂದ ಮ್ಯಾಲ ಭಜಿನೂ ಕರಕ ಆಗ್ತಾವು, ನಿಮ್ಮ ಬಿಟ್ಟೂ ಕರಕ ಆಗ್ತೈತಿ. ಉರಿ ಸಣ್ಣ ಮಾಡ್ರಿ.”

ಉರಿ ಎಂದರೆ ಮಷೀನಿನ ವೇಗ. ಊರಿಗೆಲ್ಲ ಉಸ್ತಾದನಾದ ಅಪ್ಪ ತೆಪ್ಪಗೆ ಬೆಲ್ಟ್ ಬದಲಿಸಿ ವೇಗ ತಗ್ಗಿಸಿದ, ಹಿಡಿಯನ್ನು ನಿಧಾನವಾಗಿ ಒತ್ತಿದ. ಕಬ್ಬಿಣ ಸುರುಳಿ ಸುರುಳಿಯಾಗಿ ಮೇಲೆ ಬರತೊಡಗಿತು. ನಾಲ್ಕು ತೂತಾದ ಮೇಲೆ ಬಿಟ್ಟನ್ನು ಸಾಣೆಗೆ ಹಿಡಿದ. ಬೆರಳಿಗೆ ಬಿಸಿ ತಾಗಿದೊಡನೆ ನೀರಿಗೆ ಅದ್ದಬೇಕು. ಅದಕ್ಕೂ ಅವ್ವನದೇ ಅಪ್ಪಣೆ.

ಓಣಿಯ ತುಂಬ ಕರಿದ ವಾಸನೆ ಹಬ್ಬಿತು. ಪಕ್ಕದ ಮನೆಯ ಮುದುಕಿ ತಟ್ಟೆ ಹಿಡಿದೇ ಇಣುಕಿದಳು. “ಏನವಾ, ಭಜಿ ಕರ್ಯಾಕತ್ತೀಯೇನು?”

“ಕಬ್ಬಣದ ಚಕ್ಕಲಿ ಮಾಡಾಕತ್ತೇನಿ ಯತ್ತಿ. ಹಲ್ಲಿದ್ರ ಬಾ!”

ಬೊಚ್ಚುಬಾಯಿಯ ಮುದುಕಿ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೈಯುತ್ತ ಹೋದಳು.

ಹೊತ್ತು ಮುಳುಗುವಾಗ ಎಂಟನೆಯ ತೂತು ಮುಗಿಯಿತು. ಕಾಕಾ ಉಣ್ಣಲು ಕುಳಿತ. ರೊಟ್ಟಿ ಇತ್ತು, ಶೇಂಗಾ ಹಿಂಡಿ ಇತ್ತು, ಮೇಲೆ ಹಾಕಿಕೊಳ್ಳಲು ಎಣ್ಣೆಯ ಹನಿ ಇರಲಿಲ್ಲ. “ನಿಮ್ಮ ಪಾಲಿಂದು ಕೂರಿಗಿ ಕುಡದೈತ್ರಿ,” ಎಂದಳು ಅವ್ವ. ಕಾಕಾ ನಕ್ಕು ಒಣ ರೊಟ್ಟಿಯನ್ನೇ ಉಂಡು, ಕೂರಿಗೆ ಹೇರಿಕೊಂಡು ಹೋದ.

ಈಗ ನನಗೆ ಬೈಗುಳ ಎಂದು ಮೂಲೆ ಹಿಡಿದು ನಿಂತೆ. ಅಪ್ಪ ತಲೆ ಸವರಿದ. “ನೀ ಆಸೆ ಪಟ್ಟಾಕಿ ಅಷ್ಟಽ. ಗೊತ್ತಿದ್ದೂ ತಂದಾಂವ ನಾನು.”

“ಇಬ್ಬರೂ ಶ್ಯಾಣ್ಯಾರು! ಇನ್ನ ಮ್ಯಾಲ ಬಿಟ್ ತರಾಕ ನಾನಽ ಹೋಗ್ತೇನಿ,” ಎಂದಳು ಅವ್ವ. ಹೋದಳು ಕೂಡ. ಅವಳು ಬರುವುದು ಕಂಡರೆ ಸಾವಕಾರ ಬಣ್ಣದ ಡಬ್ಬಿಯನ್ನು ಒಳಗೆ ಸರಿಸುತ್ತಿದ್ದ.

ಈಗ ಬಿಟ್‌ಗಳು ಪಾಕೀಟಿನಲ್ಲಿ ಬರುತ್ತವೆ, ಮೊಂಡಾದರೆ ಎಸೆಯುತ್ತಾರೆ. ಕೂರಿಗೆಯೂ ಸಿದ್ಧವಾಗಿಯೇ ಬರುತ್ತದೆ. ಮೊನ್ನೆ ಇಂಡಿ ಪಟ್ಟಣದ ಒಂದು ಅಂಗಡಿಯ ಮುಂದೆ ಅಪ್ಪ ಅಂಥದೊಂದು ಹೊಸ ಕೂರಿಗೆಯ ತೂತಿಗೆ ಬೆರಳು ಹಾಕಿ ಸುತ್ತ ಸವರಿದ.

“ಭಾಳ ಚಲೋ ಹೊಡದಾರ. ಯಾರು ಹೊಡದಾರಪಾ?”

“ಯಾರೂ ಅಲ್ರಿ ಅಜ್ಜಾರ, ಮಷೀನಽ ಹೊಡೀತೈತಿ. ಎಣ್ಣಿನೂ ಅದಽ ಹಾಕ್ಕೋತೈತಿ, ಬಿಸಿ ಆದ್ರ ಅದಽ ನಿಲ್ತೈತಿ,” ಎಂದ ಅಂಗಡಿಯವನು.

ಅವ್ವ ತೀರಿ ಆಗ ಎರಡು ವರ್ಷವಾಗಿತ್ತು. ಅಪ್ಪ ಆ ತೂತಿನ ಅಂಚನ್ನು ಇನ್ನೊಮ್ಮೆ ಸವರಿದ.

“ಪಾಪ,” ಎಂದ, “ಅದಕ್ಕೂ ಬೈಯಾಕ ಯಾರೂ ಇಲ್ಲ.”